ನಾಗರತ್ನಮ್ಮನವರನ್ನು ಹೊಗಳುವ ಮುಂಚೆ

(ತ್ಯಾಗರಾಜರ ಆರಾಧನೆಯ ಸಂದರ್ಭದಲ್ಲಿ ನಮ್ಮ ಬಡಾವಣೆಯ ಸಂಗೀತಪ್ರಿಯರು ಸೇರಿದ್ದಾಗ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈಗಷ್ಟೇ ತ್ಯಾಗರಾಜರ ಐದು ಪಂಚರತ್ನ ಕೃತಿಗಳ ಗೋಷ್ಠಿ ಗಾಯನ, ಅಂದರೆ ಎಲ್ಲರೂ ಸೇರಿ ಹಾಡುವುದು, ಮುಗಿಯಿತು. ಹಾಡಿದವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಗಂಡಸರು ಹಿಂದಿನ ಸಾಲಿನಲ್ಲಿ ಕೂತು, ಪುಸ್ತಕ ನೋಡಿಕೊಂಡು, ಗೊತ್ತಿದ್ದ ಕಡೆ ಜೋರಾಗಿ, ಗೊತ್ತಿಲ್ಲದ ಕಡೆ ಬರೀ ತುಟಿ ಅಲ್ಲಾಡಿಸುತ್ತಾ ಮುಗಿಸಿದೆವು. ನಗಬೇಡಿ, ನಾನೂ ಅವರಲ್ಲಿ ಒಬ್ಬ. ನೂರು ವರ್ಷದ ಹಿಂದೆ ತಂಜಾವೂರಿನ ಹತ್ತಿರದ ತಿರುವೈಯಾರಿನಲ್ಲಿ ಈ ಸಭೆ ಹೀಗೆ ಇರಲು ಸಾಧ್ಯವಿರಲಿಲ್ಲ. ತ್ಯಾಗರಾಜರ ಸಮಾಧಿಯ ಮುಂದಿನ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಆ ಸಮಾಧಿಗೆ ಗುಡಿ ಕಟ್ಟಿಸಿದ ಹೆಂಗಸೂ ಹಾಡುವ ಹಾಗಿರಲಿಲ್ಲ.

ಆಕೆ ನಮ್ಮವರು. ಬೆಂಗಳೂರು ನಾಗರತ್ನಮ್ಮ. ನನಗೆ ಕೊಟ್ಟ ವಿಷಯ 'ಭಕ್ತಿ ಸಂಗೀತಕ್ಕೆ ನಾಗರತ್ನಮ್ಮನವರ ಕೊಡುಗೆ'. ಅವರನ್ನು ಹೊಗಳುವುದಕ್ಕೆ ನನಗೂ ಆಸೆ ಇದೆ, ಹೊಗಳುತ್ತೇನೆ. ಆದರೆ ನಾವು ಅವರನ್ನು ಹೊಗಳುವ ರೀತಿ ನೋಡಿದಾಗಲೆಲ್ಲ ನನಗೆ ಒಂದು ಅನುಮಾನ. ಹೊಗಳುತ್ತಾ ಹೊಗಳುತ್ತಾ ನಾವು ಅವರನ್ನು ಕತ್ತರಿಸುತ್ತಿದ್ದೇವಾ? ನಮಗೆ ಮುಜುಗರವಾಗದ ಅಳತೆಗೆ ತಂದು, ಆಮೇಲೆ ಹಾರ ಹಾಕುತ್ತಿದ್ದೇವಾ? ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಕಥೆ. ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ. ದೇವದಾಸಿ ಮನೆತನ. ತಂದೆ ಮೈಸೂರಿನಲ್ಲಿ ವಕೀಲರಾಗಿದ್ದವರು, ಮಗು ಚಿಕ್ಕದಿರುವಾಗಲೇ ಕೈಬಿಟ್ಟರು. ಆ ತಾಯಿಯ ಹಟ ನೋಡಿ. ಮಗಳು ವಿದ್ಯಾವಂತೆ ಆಗಲೇಬೇಕು ಎಂದು ಮೈಸೂರಿನ ಸಂಸ್ಕೃತ ಪಂಡಿತ ಗಿರಿಭಟ್ಟ ತಿಮ್ಮಯ್ಯನವರ ಹತ್ತಿರ ಪಾಠಕ್ಕೆ ಬಿಟ್ಟರು. ಅಲ್ಲಿಯೂ ಬಹಳ ದಿನ ನಡೆಯಲಿಲ್ಲ, ಮನಸ್ತಾಪವಾಗಿ ಹೊರಬಿದ್ದರು. ಕೊನೆಗೆ ಬೆಂಗಳೂರು ಸೇರಿದರು. ಹುಡುಗಿ ಇಲ್ಲಿ ಮುನಿಸ್ವಾಮಪ್ಪನವರ ಹತ್ತಿರ ಸಂಗೀತ ಕಲಿತಳು. ಆ ಗುರುವಿನ ಗುರು ವಾಲಾಜಾಪೇಟೆಯವರು, ತ್ಯಾಗರಾಜರ ಶಿಷ್ಯ ಪರಂಪರೆ. ಅಂದರೆ ಇವರಿಗೂ ತ್ಯಾಗರಾಜರಿಗೂ ನಡುವೆ ಕೆಲವೇ ತಲೆಮಾರು. ಕನ್ನಡ, ತೆಲುಗು, ಸಂಸ್ಕೃತ, ಜೊತೆಗೆ ಒಂದಿಷ್ಟು ಇಂಗ್ಲಿಷು, ನೃತ್ಯ, ಎಲ್ಲ ಕಲಿತರು. ಹದಿನೈದರ ಆಸುಪಾಸಿನಲ್ಲಿ ಮೈಸೂರು ಅರಮನೆಯಲ್ಲಿ ಹಾಡಿ ಸೈ ಅನ್ನಿಸಿಕೊಂಡರು. ಆಮೇಲೆ ಮದ್ರಾಸು.

ಮದ್ರಾಸಿನಲ್ಲಿ ಅವರು ಬರೀ ಹೆಸರು ಮಾಡಲಿಲ್ಲ, ದುಡ್ಡನ್ನೂ ಮಾಡಿದರು. ಇದನ್ನು ನಮ್ಮ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ ನೋಡಿ. ಸ್ವಂತ ಮನೆ, ಒಡವೆ, ಕೈತುಂಬ ಕಛೇರಿಗಳು. ಊರೂರು ಸುತ್ತಿ ಸಾವಿರಕ್ಕೂ ಜಾಸ್ತಿ ಕಛೇರಿ ಮಾಡಿದರು. ಆ ಊರಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಇವರೇ ಎಂದು ಹೇಳುತ್ತಾರೆ. ಹಾಡಿ ಸಂಪಾದಿಸಿದೆ, ಅದಕ್ಕೆ ತೆರಿಗೆ ಕಟ್ಟುತ್ತೇನೆ ಅನ್ನುವ ಹೆಂಗಸು. ಆ ಕಾಲಕ್ಕೆ ಸಣ್ಣ ಮಾತಲ್ಲ.

1921ರಲ್ಲಿ ಒಂದು ಕಾಗದ ಬರುತ್ತದೆ. ಬರೆದವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರು. ಅವರೂ ನಮ್ಮವರೇ, ಉಡುಪಿ ಕಡೆಯ ನಂದಳಿಕೆಯವರು, ಪಿಟೀಲು ಚೌಡಯ್ಯನವರ ಗುರುಗಳು. ಮೈಸೂರಿನಲ್ಲಿ ರಾಮಮಂದಿರ ಕಟ್ಟಿಸಿದ ರಾಮಭಕ್ತರು. ನಾಗರತ್ನಮ್ಮನವರಿಗೆ ಗುರುಗಳ ಸಮಾನ. ಕಾಗದದಲ್ಲಿ ಇದ್ದದ್ದು ತಿರುವೈಯಾರಿನ ಸುದ್ದಿ. ತ್ಯಾಗರಾಜರ ಸಮಾಧಿ ಹಾಳು ಬಿದ್ದಿದೆ, ಯಾರೂ ನೋಡುವವರಿಲ್ಲ ಅಂತ.

ಸ್ವಲ್ಪ ಹಿನ್ನೆಲೆ ಬೇಕು. ತ್ಯಾಗರಾಜರು ತೀರಿಕೊಂಡದ್ದು 1847ರ ಜನವರಿಯಲ್ಲಿ, ಪುಷ್ಯ ಬಹುಳ ಪಂಚಮಿ. ಕಾವೇರಿ ದಂಡೆಯಲ್ಲಿ ಸಮಾಧಿಯಾಯಿತು. ಶಿಷ್ಯರು ಅವರವರ ಊರಿಗೆ ಹೋಗಿ ಅವರವರ ಮನೆಯಲ್ಲಿ ಆರಾಧನೆ ಮಾಡಿಕೊಂಡರು. ಸಮಾಧಿಯ ಸುತ್ತ ಗಿಡಗಂಟಿ ಬೆಳೆಯಿತು. 1903ರ ಹೊತ್ತಿಗೆ ಉಮಯಾಳಪುರದ ವಯಸ್ಸಾದ ಶಿಷ್ಯರು ಬಂದು ಅದನ್ನು ಹುಡುಕಿ ಸ್ವಲ್ಪ ಸರಿ ಮಾಡಿಸಿದರು. ಆಮೇಲೆ ಅಲ್ಲಿ ದೊಡ್ಡದಾಗಿ ಆರಾಧನೆ ಶುರುವಾಯಿತು. ಶುರುವಾದ ಕೆಲವೇ ವರ್ಷಕ್ಕೆ ಎರಡು ಗುಂಪಾಯಿತು. ಪೆರಿಯ ಕಚ್ಚಿ, ಚಿನ್ನ ಕಚ್ಚಿ. ನಮ್ಮಲ್ಲಿ ದೊಡ್ಡ ಪಾರ್ಟಿ, ಸಣ್ಣ ಪಾರ್ಟಿ ಅಂತೀವಲ್ಲ, ಹಾಗೆ. ಊಟ ಯಾರದು ಚೆನ್ನಾಗಿತ್ತು, ಯಾವ ವಿದ್ವಾಂಸರು ಯಾರ ಕಡೆ ಬಂದರು, ಇದರಲ್ಲಿ ಪೈಪೋಟಿ. ಸಮಾಧಿ ಮಾತ್ರ ಇದ್ದ ಹಾಗೇ ಇತ್ತು.

ನಾಗರತ್ನಮ್ಮ ಹೋಗಿ ನೋಡಿದರು. ಜಾಗ ಕೊಂಡರು. ಆಸ್ತಿ, ಒಡವೆ ಮಾರಿದರು. ಆ ವರ್ಷವೇ ಅಸ್ತಿವಾರ ಹಾಕಿಸಿದರು. 1925ರ ಜನವರಿಯಲ್ಲಿ ಗುಡಿಯ ಪ್ರತಿಷ್ಠೆ ಆಯಿತು. ಎರಡು ಗುಂಪುಗಳಿಗೂ ಇದರಿಂದ ಅಡ್ಡಿಯೇನೂ ಇರಲಿಲ್ಲ. ಕಟ್ಟಿಸುತ್ತಾರಾ, ಕಟ್ಟಿಸಲಿ. ದುಡ್ಡು ಅವರದು, ನೆರಳು ಎಲ್ಲರಿಗೂ.

ಈಗ ನಾಗರತ್ನಮ್ಮ ಕೇಳಿದ್ದು ಒಂದೇ. ನಾನೂ ಇಲ್ಲಿ ಹಾಡಬೇಕು.

ಆಗುವುದಿಲ್ಲ ಅಂದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಬೇಡ ಅಂದವರು ಕೆಟ್ಟವರು ಅಂತ ತೀರ್ಮಾನ ಕೊಟ್ಟು ಮುಂದೆ ಹೋಗುವುದು ಸುಲಭ. ಅವರಲ್ಲಿ ಬಹಳ ಜನ ದೊಡ್ಡ ವಿದ್ವಾಂಸರು, ನಿಜವಾದ ಭಕ್ತರು. ಇವರ ಸಂಗೀತ ಕಳಪೆ ಎಂದು ಅವರು ಹೇಳಲಿಲ್ಲ, ಹೇಳಲು ಆಗುತ್ತಲೂ ಇರಲಿಲ್ಲ. ಮದ್ರಾಸಿನಲ್ಲಿ ಇದೇ ಹೆಂಗಸಿನ ಹಾಡು ಕೇಳಿ ತಲೆದೂಗಿದ್ದ ಜನವೇ ಅದು. ಮದುವೆ ಮನೆಯಲ್ಲಿ ಹಾಡಬಹುದು, ಜಮೀನ್ದಾರರ ಮನೆಯಲ್ಲಿ ಹಾಡಬಹುದು, ಗ್ರಾಮಫೋನ್ ತಟ್ಟೆಯಲ್ಲಿ ಹಾಡಬಹುದು. ಸಂತನ ಮುಂದೆ ಮಾತ್ರ ಹಾಡಬಾರದು. ಯಾಕೆ ಅಂದರೆ ಅಲ್ಲಿ ಹಾಡುವುದು ಅಂದರೆ ಸರಿಸಮ ಕೂರುವುದು. ಪ್ರತಿಭೆಯನ್ನು ಕೇಳಿ ಸಂತೋಷಪಡುವುದಕ್ಕೆ ನಮ್ಮ ಸಮಾಜಕ್ಕೆ ಯಾವತ್ತೂ ತೊಂದರೆ ಆಗಿಲ್ಲ. ಪಕ್ಕದಲ್ಲಿ ಮಣೆ ಹಾಕಬೇಕಾದಾಗ ತೊಂದರೆ ಆಗುತ್ತದೆ.

'ಎಂದರೋ ಮಹಾನುಭಾವುಲು' ಅಂತ ಈಗ ತಾನೇ ಹಾಡಿದೆವು. ಎಷ್ಟೋ ಮಂದಿ ಮಹಾನುಭಾವರು, ಎಲ್ಲರಿಗೂ ವಂದನೆ. ಅದನ್ನು ಬರೆದವರ ಸಮಾಧಿಯ ಮುಂದೆ ಆ 'ಎಲ್ಲರಿಗೂ' ಎಂಬುದರ ಬಾಗಿಲಲ್ಲಿ ಕಾವಲಿತ್ತು.

ನಾಗರತ್ನಮ್ಮ ಅಳುತ್ತಾ ಕೂರಲಿಲ್ಲ. ಮೂರನೆಯ ಗುಂಪು ಕಟ್ಟಿದರು. ಮದ್ರಾಸಿನಿಂದ, ಬೇರೆ ಬೇರೆ ಊರಿನಿಂದ ತಮ್ಮಂಥ ಹಾಡುಗಾರ್ತಿಯರನ್ನು ಕರೆತಂದು ಸಮಾಧಿಯ ಹಿಂಭಾಗದಲ್ಲಿ ಹೆಂಗಸರದೇ ಆರಾಧನೆ ನಡೆಸಿದರು. ಜನ ಅದಕ್ಕೆ ಪೊಂಬಳ ಕಚ್ಚಿ ಎಂದು ಹೆಸರಿಟ್ಟರು, ಹೆಂಗಸರ ಪಾರ್ಟಿ. ಗೇಲಿಗೇ ಇಟ್ಟಿರಬೇಕು. ಅಲ್ಲಿ ಹಾಡು, ಹರಿಕಥೆ, ಎಲ್ಲ ನಡೆಯಿತು. ಮುಂದೆ ಗಂಡಸರ ಎರಡು ಗುಂಪು, ಹಿಂದೆ ಇವರದೊಂದು. ಒಬ್ಬ ಸಂತನಿಗೆ ಮೂರು ಆರಾಧನೆ. ಇದು ಒಂದು ವರ್ಷ, ಎರಡು ವರ್ಷದ ಮಾತಲ್ಲ. ಮೂರೂ ಗುಂಪು ಒಂದಾಗಿದ್ದು 1940ರ ಮಾತುಕತೆಯ ನಂತರ. ಎಸ್. ವೈ. ಕೃಷ್ಣಸ್ವಾಮಿ ಎಂಬ ಐಸಿಎಸ್ ಅಧಿಕಾರಿ, ಗಾಯಕ ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಮುಂತಾದವರು ಮಧ್ಯೆ ನಿಂತು ರಾಜಿ ಮಾಡಿಸಿದರು. 1941ರಿಂದ ಹೆಂಗಸರೂ ಗಂಡಸರೂ ಒಂದೇ ಕಡೆ. ಇವತ್ತು ನಾವು ಕೂತು ಹಾಡಿದ ಈ ಗೋಷ್ಠಿ ಗಾಯನದ ಪದ್ಧತಿ ಭದ್ರವಾಗಿ ನಿಂತದ್ದೂ ಆ ಒಗ್ಗಟ್ಟಿನ ನಂತರವೇ. ಅಷ್ಟು ಹೊತ್ತಿಗೆ ನಾಗರತ್ನಮ್ಮನವರಿಗೆ ಅರವತ್ತು ದಾಟಿತ್ತು. ಕಂಠ ಗಟ್ಟಿಯಾಗಿದ್ದ ವರ್ಷಗಳೆಲ್ಲ ಹಿಂಬಾಗಿಲಲ್ಲಿ ಕಳೆದಿದ್ದವು.

ಕೊನೆಯ ವರ್ಷಗಳನ್ನು ತಿರುವೈಯಾರಿನಲ್ಲೇ ಕಳೆದು, 1952ರ ಮೇ 19ರಂದು ಅಲ್ಲೇ ತೀರಿಕೊಂಡರು. ಅವರ ಸಮಾಧಿ ತ್ಯಾಗರಾಜರ ಗುಡಿಯ ಎದುರಿಗೇ ಇದೆ. ಕೈ ಮುಗಿದು ಕೂತ ಪ್ರತಿಮೆ.

ನಮ್ಮ ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. 'ಸರ್ವಸ್ವವನ್ನೂ ತ್ಯಾಗರಾಜರಿಗೆ ಅರ್ಪಿಸಿದ ಮಹಾನ್ ಭಕ್ತೆ' ಎಂದು ಒಂದು ಮಾತು, ಒಂದು ಚಪ್ಪಾಳೆ. ಸುಳ್ಳೇನಲ್ಲ. ಆದರೆ ಇಷ್ಟೇ ಅಂದರೆ ನಾನು ಒಪ್ಪುವುದಿಲ್ಲ. ಗುಡಿಗಿಂತ ಹತ್ತು ವರ್ಷ ಹಿಂದೆ ಇದೇ ಹೆಂಗಸು ಇನ್ನೊಂದು ಕೆಲಸ ಮಾಡಿದ್ದರು. ಅದನ್ನು ಭಕ್ತಿಯ ಸಭೆಯಲ್ಲಿ ಎತ್ತುವುದಕ್ಕೆ ಎಲ್ಲರಿಗೂ ಸಂಕೋಚ. ನಾನು ಎತ್ತುತ್ತೇನೆ, ಸಂಘಟಕರು ಕ್ಷಮಿಸಬೇಕು.

ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹ ರಾಜನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ಇದ್ದಳು. ದೇವದಾಸಿ. ಆಕೆ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಎಂಬ ಶೃಂಗಾರ ಕಾವ್ಯ ಬರೆದಳು. ಕೃಷ್ಣನಿಗೆ ಇಳಾ ಎಂಬ ಹುಡುಗಿಯ ಜೊತೆ ಮದುವೆ. ರಾಧೆಗೆ ಸಿಟ್ಟು, ಸಂಕಟ. ಕೊನೆಗೆ ಕೃಷ್ಣ ಬಂದು ಸಮಾಧಾನ ಮಾಡಬೇಕು. ಹೆಣ್ಣಿನ ಬಯಕೆಯನ್ನು ಹೆಣ್ಣೇ ಮುಚ್ಚುಮರೆಯಿಲ್ಲದೆ ಹೇಳಿದ ಕಾವ್ಯ. ನಾಗರತ್ನಮ್ಮ ಇದನ್ನು ಓದಿ ಮೆಚ್ಚಿಕೊಂಡರು. ಆಗ ಸಿಗುತ್ತಿದ್ದ ಅಚ್ಚಿನಲ್ಲಿ ಕೆಲವು ಪದ್ಯ ಕೈಬಿಟ್ಟಿದ್ದರು, ಕವಯಿತ್ರಿ ತನ್ನ ಬಗ್ಗೆ, ತನ್ನ ತಾಯಿ, ಅಜ್ಜಿಯರ ಬಗ್ಗೆ ಬರೆದುಕೊಂಡ ಭಾಗವನ್ನೂ ಬಿಟ್ಟಿದ್ದರು. ಇವರು ಮೂಲ ಪ್ರತಿ ಹುಡುಕಿಸಿ, ಬಿಟ್ಟದ್ದನ್ನೆಲ್ಲ ಸೇರಿಸಿ, 1910ರಲ್ಲಿ ಮದ್ರಾಸಿನ ವಾವಿಳ್ಳ ಪ್ರಕಾಶನದಿಂದ ಹೊರತಂದರು.

ತೆಲುಗಿನ ದೊಡ್ಡ ಸುಧಾರಕ ಕಂದುಕೂರಿ ವೀರೇಶಲಿಂಗಂ ಈ ಕಾವ್ಯದ ಬಗ್ಗೆ ಅದಕ್ಕೂ ಮುಂಚೆಯೇ ಬಹಳ ಕೆಟ್ಟದಾಗಿ ಬರೆದಿದ್ದರು. ಹೆಂಗಸರು ಕೇಳಲೂ ಬಾರದ ಮಾತನ್ನು ಹೆಂಗಸೇ ಬರೆದಿದ್ದಾಳೆ ಎಂಬುದು ಅವರ ಆಕ್ಷೇಪ. ವಿಧವೆಯರ ಮರುಮದುವೆಗಾಗಿ ಜೀವ ತೇದ ಮನುಷ್ಯ ಅವರು, ಅದನ್ನೂ ಮರೆಯಬಾರದು. ನಾಗರತ್ನಮ್ಮ ಮುನ್ನುಡಿಯಲ್ಲಿ ಅವರಿಗೆ ನೇರವಾಗಿ ಉತ್ತರ ಕೊಟ್ಟರು. ನಾಚಿಕೆ ಅನ್ನುವುದು ಹೆಂಗಸರಿಗೆ ಮಾತ್ರ ಇರಬೇಕಾ? ಗಂಡಸರು ಬರೆದ ಶೃಂಗಾರ ಕಾವ್ಯವನ್ನು ನೀವೇ ಮೆಚ್ಚಿ ಪಾಠಕ್ಕೆ ಇಡುತ್ತೀರಿ, ಇದರಲ್ಲಿ ಮಾತ್ರ ಏನು ತಪ್ಪು? ಇದು ವಾದದ ಸಾರ. ಮುಂದಿನ ವರ್ಷವೇ ಸರ್ಕಾರ ಅಶ್ಲೀಲ ಎಂದು ಪುಸ್ತಕ ಹಿಡಿಸಿತು. ಪಂಡಿತರು ಅರ್ಜಿ ಬರೆದರೂ ಕೇಳಲಿಲ್ಲ. ಟಂಗುಟೂರಿ ಪ್ರಕಾಶಂ ಮದ್ರಾಸ್ ಪ್ರಾಂತ್ಯದ ಮುಖ್ಯಸ್ಥರಾಗಿ ಬರುವ ತನಕ, ಅಂದರೆ ಹೆಚ್ಚುಕಡಿಮೆ ಮೂವತ್ತೈದು ವರ್ಷ, ಆ ನಿಷೇಧ ಹಾಗೇ ಇತ್ತು.

ಈಗ ಹೇಳಿ. ಗುಡಿ ಕಟ್ಟಿಸಿದ ನಾಗರತ್ನಮ್ಮ ಬೇರೆ, ರಾಧೆಯ ಕಾವ್ಯ ಅಚ್ಚು ಹಾಕಿಸಿದ ನಾಗರತ್ನಮ್ಮ ಬೇರೆಯಾ? ಒಬ್ಬರೇ. ಹಾಳುಬಿದ್ದಿದ್ದನ್ನು ಎತ್ತಿ ನಿಲ್ಲಿಸುವುದು ಅವರ ಸ್ವಭಾವ. ಮೊದಲು ಒಬ್ಬ ಕವಯಿತ್ರಿಯನ್ನು ಎತ್ತಿದರು, ಆಮೇಲೆ ಹಾಡು ಕಟ್ಟಿ ಹಾಡಿದ ಒಬ್ಬ ವಾಗ್ಗೇಯಕಾರರನ್ನು. ಎರಡನೆಯದಕ್ಕೆ ನಾವು ಕೈ ಮುಗಿಯುತ್ತೇವೆ. ಮೊದಲನೆಯದರ ಬಗ್ಗೆ ಬಾಯಿ ಬಿಡುವುದಿಲ್ಲ. ಶೃಂಗಾರ ಬಿಟ್ಟು ಭಕ್ತಿಗೆ ಬಂದರು, ಪಶ್ಚಾತ್ತಾಪ ಪಟ್ಟರು ಅನ್ನುವ ಹಾಗೆ ಕಥೆ ಹೆಣೆಯುವವರೂ ಇದ್ದಾರೆ. ಯಾವ ಪಶ್ಚಾತ್ತಾಪ? ದೇವದಾಸಿ ಮನೆತನದ ಹಾಡುಗಾರ್ತಿಯನ್ನು ಒಪ್ಪಿಕೊಳ್ಳಬೇಕು ಅಂದರೆ ಆಕೆ ಸಂತಳಾಗಿರಬೇಕು. ಸಂತಳಾಗುವ ತನಕ ಮನ್ನಣೆ ಇಲ್ಲ, ಆದ ಮೇಲೆ ಹಳೆಯ ಬದುಕಿಗೆ ಜಾಗ ಇಲ್ಲ.

ಇದು ತಿರುವೈಯಾರಿನ ಕಥೆ, ತಮಿಳರ ಕಥೆ ಅಂದುಕೊಳ್ಳಬೇಡಿ. ಧಾರವಾಡಕ್ಕೆ ಬನ್ನಿ. ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಲ್ಲಿ ಅಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಶುಕ್ರವಾರಪೇಟೆಯಲ್ಲಿ ನಡೆದು ಹೋದರೆ 'ಗಾನೇವಾಲಿ' ಎಂದು ಹಿಂದಿನಿಂದ ಕೂಗುತ್ತಿದ್ದರಂತೆ. ಗಂಗೂಬಾಯಿಯವರೇ ಹೇಳಿಕೊಂಡ ಒಂದು ಸಂಗತಿ ಇದೆ. ಚಿಕ್ಕವರಿದ್ದಾಗ ಪಕ್ಕದವರ ತೋಟದಲ್ಲಿ ಮಾವಿನಕಾಯಿ ಕದ್ದರು. ಕದ್ದದ್ದಕ್ಕೆ ಆ ಮನೆಯವರಿಗೆ ಅಷ್ಟು ಸಿಟ್ಟು ಬರಲಿಲ್ಲ. ಹಾಡುವವಳ ಮಗಳು ನಮ್ಮ ತೋಟಕ್ಕೆ ಕಾಲಿಟ್ಟಳಲ್ಲ ಅಂತ ಸಿಟ್ಟು. ದೊಡ್ಡ ಹೆಸರಾದ ಮೇಲೆ ಅಂಥವರೇ ಮನೆಗೆ ಕರೆದು ಗೌರವ ಮಾಡಿದರು.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಿಮಗೆ ಗೊತ್ತಿದೆ, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ. ಅಲ್ಲಿ ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಗಂಗೂಬಾಯಿ ಇದ್ದರು. ಹಾಡುವುದಕ್ಕೆ ಭಯವಿರಲಿಲ್ಲವಂತೆ. ಊಟವಾದ ಮೇಲೆ ತಮ್ಮ ಜಾತಿ ನೋಡಿ ಎಲೆ ತೆಗೆಯಿರಿ ಅಂದುಬಿಟ್ಟಾರು ಅನ್ನುವ ಭಯ. ಹನ್ನೊಂದು ವರ್ಷದ ಮಗು. ಗಾಂಧೀಜಿ ಎದುರಿಗೆ ಹಾಡಬೇಕಾದ ದಿನ ಆ ಮಗುವಿನ ತಲೆಯಲ್ಲಿ ಎಂಜಲೆಲೆ ಕೂತಿತ್ತು.

ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಗಂಟಲಿನ ಆಪರೇಷನ್ ಆಗಿ ದನಿ ಗಡಸಾಯಿತು, ಆ ದನಿಯಲ್ಲೇ ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆಯನ್ನು ದೇಶಕ್ಕೆಲ್ಲ ಕೇಳಿಸಿದರು. 2002ರಲ್ಲಿ ಪದ್ಮವಿಭೂಷಣ ಬಂತು. ಇಷ್ಟೆಲ್ಲ ಆದ ಮೇಲೂ ಅವರು ನಗುನಗುತ್ತಾ ಒಂದು ಮಾತು ಹೇಳುತ್ತಿದ್ದರು. ಗಂಡಸು ಮುಸ್ಲಿಮನಾದರೆ ಉಸ್ತಾದ್ ಆಗುತ್ತಾನೆ, ಹಿಂದೂ ಆದರೆ ಪಂಡಿತ್ ಆಗುತ್ತಾನೆ. ಕೇಸರಬಾಯಿ, ಮೋಗೂಬಾಯಿ ಅಂಥ ಗಾಯಕಿಯರು ಬಾಯಿಗಳಾಗಿಯೇ ಉಳಿಯುತ್ತಾರೆ. ಈ ಒಂದು ಮಾತಿನ ಮುಂದೆ ನನ್ನ ಇವತ್ತಿನ ಇಡೀ ಭಾಷಣ ಸುಮ್ನೆ.

ಎಂ. ಎಸ್. ಸುಬ್ಬುಲಕ್ಷ್ಮಿಯವರ ಹೆಸರೂ ಹೇಳಬೇಕು, ಚಿಕ್ಕದಾಗಿ. ಮಧುರೆಯ ವೀಣೆ ಷಣ್ಮುಖವಡಿವು ಅವರ ಮಗಳು. ಅದೂ ದೇವದಾಸಿ ಪರಂಪರೆಯೇ. ಇವತ್ತು ಬೆಳಗ್ಗೆ ಎಷ್ಟು ಮನೆಗಳಲ್ಲಿ ಅವರ ಸುಪ್ರಭಾತ ಕೇಳಿಬಂತೋ! ನಾವು ಪ್ರೀತಿಸಿದ್ದು ಕಾಂಜೀವರಂ ಸೀರೆ, ಮೂಗುತಿ, ಹೂವು, ಗೃಹಿಣಿಯ ಸೌಮ್ಯ ಮುಖ, ಇವೆಲ್ಲ ಕೂಡಿದ ಎಂ.ಎಸ್. ಅವರನ್ನು. ಮಧುರೆಯ ಆ ಬೀದಿಯ ಮಾತು ಎತ್ತಿದರೆ ಈಗಲೂ ಕೆಲವರಿಗೆ ಕೋಪ ಬರುತ್ತದೆ. ಅವರ ಸಂಗೀತ ಆ ಬೀದಿಯಲ್ಲಿ, ಆ ತಾಯಿಯ ವೀಣೆಯ ಪಕ್ಕದಲ್ಲಿ ಹುಟ್ಟಿದ್ದು ಎಂದು ಹೇಳಿದರೆ ಅವಮಾನ ಹೇಗಾಗುತ್ತದೆ? ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಒಬ್ಬ ಹೆಂಗಸಿಗೆ ಮೊದಲ ಸಲ ಸಿಕ್ಕಿದ್ದು ಅವರಿಗೇ, 1968ರಲ್ಲಿ. ಅಷ್ಟು ಹೊತ್ತಿಗೆ ಅವರು ವಿಶ್ವಸಂಸ್ಥೆಯಲ್ಲಿ ಹಾಡಿ ಎರಡು ವರ್ಷವಾಗಿತ್ತು.

ಇನ್ನು ನಮ್ಮ ಬಡಾವಣೆಗೆ ಬರುತ್ತೇನೆ. ಇದು ಸ್ವಲ್ಪ ಖಾರದ ಭಾಗ.

ಭಕ್ತಿ ಸಂಗೀತ ಹಾಡುವವರ ಬಗ್ಗೆ ನಾವು ತುಂಬ ಬಳಸುವ ಮಾತು 'ದೈವದತ್ತ ಕಂಠ'. ಕೇಳುವುದಕ್ಕೆ ಹಿತವಾಗಿದೆ. ಆದರೆ ಅದರ ಬೆನ್ನಲ್ಲೇ ಇನ್ನೊಂದು ಮಾತು ಬರುತ್ತದೆ, ಗಮನಿಸಿ. 'ದೇವರು ಕೊಟ್ಟಿದ್ದು, ದೇವರ ಸೇವೆಗೆ ಹಾಡೋದಕ್ಕೆ ದುಡ್ಡು ಯಾಕೆ?' ಗಣೇಶೋತ್ಸವದ ಲೆಕ್ಕದ ಪುಸ್ತಕ ನೋಡಿದ್ದೇನೆ, ಕಮಿಟಿಯಲ್ಲಿ ಇದ್ದವನು ನಾನು. ಶಾಮಿಯಾನದವರಿಗೆ ಇಷ್ಟು, ಜನರೇಟರಿಗೆ ಇಷ್ಟು, ಲೈಟಿಂಗಿಗೆ ಇಷ್ಟು, ಅಡುಗೆಯವರಿಗೆ ಇಷ್ಟು. ಇವರ ಜೊತೆಯೂ ಚೌಕಾಸಿ ಮಾಡುತ್ತೇವೆ, ಆದರೆ ಕೊಡುವುದೇ ಇಲ್ಲ ಅನ್ನುವುದಿಲ್ಲ. ದೇವರನಾಮ ಹಾಡಿದ ಹುಡುಗಿಗೆ ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ತಬಲಾದವರಿಗೆ, ಹಾರ್ಮೋನಿಯಂನವರಿಗೆ ಆಟೋ ಚಾರ್ಜು ಸಿಕ್ಕರೆ ಪುಣ್ಯ. ಒಬ್ಬ ಹಾಡುಗಾರ್ತಿ ಸಂಭಾವನೆ ಎಷ್ಟು ಎಂದು ಮೊದಲೇ ಕೇಳಿದರೆ, ಕಮಿಟಿಯಲ್ಲಿ ಯಾರಾದರೂ 'ತುಂಬ ಕಮರ್ಷಿಯಲ್ ಆಗಿದ್ದಾರೆ' ಅನ್ನದೇ ಇರುವುದಿಲ್ಲ. ಜನರೇಟರ್ ಹುಡುಗನಿಗೆ ಯಾರೂ ಹಾಗೆ ಅಂದದ್ದು ನಾನು ಕೇಳಿಲ್ಲ.

ದೈವದತ್ತ ಅನ್ನುವುದರಲ್ಲಿ ಇನ್ನೊಂದು ಅನುಕೂಲವಿದೆ. ಆಕೆ ಬೆಳಗಿನ ಜಾವ ಎದ್ದು ಮಾಡಿದ ಸಾಧನೆ, ಹತ್ತು ಹದಿನೈದು ವರ್ಷದ ಪಾಠ, ಗುರುಗಳ ಮನೆಗೆ ಎರಡು ಬಸ್ಸು ಬದಲಾಯಿಸಿ ಹೋದದ್ದು, ಮದುವೆಯಾದ ಮೇಲೆ ಅತ್ತೆಮನೆಯಲ್ಲಿ ತಂಬೂರಿ ಇಡುವುದಕ್ಕೆ ಜಾಗ ಕೇಳಿ ಪಡೆದದ್ದು, ಇದ್ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲ ದೇವರ ಖಾತೆಗೆ.

ಹೀಗೆ ಹೇಳಿದಾಗ ಹಿರಿಯರು ತ್ಯಾಗರಾಜರನ್ನೇ ಎದುರಿಗೆ ತರುತ್ತಾರೆ. ತಂಜಾವೂರಿನ ರಾಜ ಕರೆದರೂ ಹೋಗದವರು, 'ನಿಧಿ ಚಾಲ ಸುಖಮಾ' ಎಂದು ಹಾಡಿದವರು. ನಿಧಿ ಸುಖವೋ, ರಾಮನ ಸನ್ನಿಧಿ ಸುಖವೋ? ಪುರಂದರದಾಸರೂ ಹಾಗೇ ಅಲ್ವಾ, ಸಿರಿವಂತಿಕೆ ಬಿಟ್ಟು ತಂಬೂರಿ ಹಿಡಿದವರು. ಸರಿ. ಆದರೆ ಕಥೆಯನ್ನು ಪೂರ್ತಿ ನೋಡಿ. ತ್ಯಾಗರಾಜರು ಉಂಛವೃತ್ತಿ ಮಾಡಿದರು. ಬೆಳಗ್ಗೆ ಹಾಡುತ್ತಾ ಬೀದಿಯಲ್ಲಿ ಬಂದರೆ ತಿರುವೈಯಾರಿನ ಮನೆಮನೆಯವರು ಅಕ್ಕಿ ಹಾಕುತ್ತಿದ್ದರು. ದಾಸರ ಗೋಪಾಳ ಬುಟ್ಟಿಗೂ ಊರು ಹಾಗೆಯೇ ತುಂಬುತ್ತಿತ್ತು. ರಾಜನ ದುಡ್ಡು ಬೇಡ ಅಂದರು, ನೆರೆಯವರ ಅಕ್ಕಿ ಬೇಡ ಅನ್ನಲಿಲ್ಲ. ಆ ಅಕ್ಕಿಯಿಂದ ಶಿಷ್ಯರೂ ಊಟ ಮಾಡಿದರು. ಹಾಡುವವರನ್ನು ಸಾಕುವ ಭಾರವನ್ನು ಆ ಬೀದಿ ಹೊತ್ತಿತ್ತು. ನಾವು ತ್ಯಾಗರಾಜರ ತ್ಯಾಗವನ್ನು ಹಾಡುವವರಿಂದ ಕೇಳುತ್ತೇವೆ, ತಿರುವೈಯಾರಿನ ಬೀದಿಯ ಕೆಲಸವನ್ನು ನಾವು ಮಾಡುವುದಿಲ್ಲ. ಬಿಟ್ಟುಕೊಡುವುದು, ಬಿಡುವುದು ಆ ಸಂತನ ಆಯ್ಕೆ. ಇನ್ನೊಬ್ಬರಿಗೆ ಬಿಡು ಅನ್ನುವ ಹಕ್ಕು ನಮಗೆ ಎಲ್ಲಿಂದ ಬಂತು?

ನಾಗರತ್ನಮ್ಮನವರಿಗೆ ಮತ್ತೆ ಬರೋಣ. ಸರ್ವಸ್ವ ಕೊಟ್ಟರು ಅನ್ನುತ್ತೇವಲ್ಲ, ಕೊಡುವುದಕ್ಕೆ ಅವರ ಹತ್ತಿರ ಇತ್ತು, ಯಾಕೆ ಅಂದರೆ ಅವರು ಹಾಡಿ ಗಳಿಸಿದ್ದರು. ಜನ ಅವರಿಂದ ಬಿಟ್ಟಿ ಹಾಡಿಸಿಕೊಂಡಿದ್ದರೆ ಆ ಗುಡಿ ಏಳುತ್ತಿರಲಿಲ್ಲ. ತಿರುವೈಯಾರಿನ ಇಟ್ಟಿಗೆಗಳಲ್ಲಿ ಸಂಭಾವನೆಯ ದುಡ್ಡಿದೆ. ಅದಕ್ಕೇ ಅವರ ತೆರಿಗೆಯ ಮಾತು ನನಗೆ ಅಷ್ಟು ಇಷ್ಟ.

ಭಾಷಣ ಇಲ್ಲಿಗೆ ಮುಗಿದಿತ್ತು. ಆಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಹಿರಿಯರು ಕೇಳಿದರು: 'ಆಕೆಯ ಹಾಡು ನಿಜವಾಗಿ ಅಷ್ಟು ಚೆನ್ನಾಗಿತ್ತಾ? ಇಲ್ಲ, ಗುಡಿ ಕಟ್ಟಿಸಿದ್ದಕ್ಕೆ ನೆನೆಯುತ್ತೇವಾ?' ಒಳ್ಳೆಯ ಪ್ರಶ್ನೆ. ಹಳೆಯ ಗ್ರಾಮಫೋನ್ ಧ್ವನಿಮುದ್ರಣಗಳಲ್ಲಿ ಮೂರು ನಾಲ್ಕು ನಿಮಿಷಕ್ಕೆ ಎಲ್ಲ ಮುಗಿಸಬೇಕು. ಮೈಕಿಲ್ಲದ ಕಾಲದ ಹಾಡಿಕೆ, ಗಂಭೀರವಾದ ದನಿ. ಇವತ್ತಿನ ಕಿವಿಗೆ ಮೊದಲ ಸಲ ಹಿಡಿಸದೇ ಇರಬಹುದು. ಆದರೆ ಆ ಕಾಲದಲ್ಲಿ ಸಾವಿರ ಕಛೇರಿ ಯಾರೂ ದಯೆಯಿಂದ ಕೊಡುತ್ತಿರಲಿಲ್ಲ. ಜನ ಟಿಕೆಟ್ಟಿನಷ್ಟೇ ನಿಷ್ಠುರ. ದೊಡ್ಡ ಗಾಯಕಿ ಆಗಿದ್ದರಿಂದಲೇ ದೊಡ್ಡ ಕೆಲಸ ಮಾಡಲು ಸಾಧ್ಯವಾಯಿತು ಎಂದು ಹೇಳಿದೆ.

ಇನ್ನೊಬ್ಬರು, ಕಾಲೇಜಿನ ಹುಡುಗಿ, ಕೇಳಿದ್ದು ಕಷ್ಟದ್ದು. 'ಸರ್, ನಾಗರತ್ನಮ್ಮ ದೇವದಾಸಿ ಪದ್ಧತಿ ನಿಲ್ಲಿಸುವ ಕಾನೂನನ್ನು ವಿರೋಧಿಸಿದ್ದರಂತೆ. ಅದನ್ನು ನೀವು ಹೇಳಲಿಲ್ಲ. ನೀವೂ ಕತ್ತರಿಸಿದಿರಾ?' ಸಭೆಯಲ್ಲಿ ಜೋರು ನಗು. ಹೇಳಬೇಕಾದ ಮಾತೇ. 1920ರ ದಶಕದ ಕೊನೆಯಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ಮದ್ರಾಸ್ ವಿಧಾನ ಪರಿಷತ್ತಿನಲ್ಲಿ ಈ ವಿಷಯ ಎತ್ತಿದಾಗ ನಾಗರತ್ನಮ್ಮ ಮತ್ತು ಅವರ ಜೊತೆಯವರು ಸಂಘ ಕಟ್ಟಿ ವಿರೋಧಿಸಿದರು. ತಮಾಷೆಯೆಂದರೆ ಮುತ್ತುಲಕ್ಷ್ಮಿಯವರ ತಾಯಿಯೂ ದೇವದಾಸಿ ಮನೆತನದವರೇ. ಇಬ್ಬರೂ ಒಂದೇ ಬೀದಿಯಿಂದ ಹೊರಟು ಎರಡು ದಿಕ್ಕಿಗೆ ಹೋದವರು. ಮುತ್ತುಲಕ್ಷ್ಮಿಯವರ ಕಣ್ಣ ಮುಂದೆ ಇದ್ದದ್ದು ದೇವರ ಹೆಸರಿನಲ್ಲಿ ಕಟ್ಟಿಹಾಕಿದ ಎಳೆಯ ಹುಡುಗಿಯರು. ಆ ಹುಡುಗಿಯರ ಮಟ್ಟಿಗೆ ನಾನು ಮುತ್ತುಲಕ್ಷ್ಮಿಯವರ ಕಡೆ, ಅನುಮಾನವೇ ಇಲ್ಲ. ನಾಗರತ್ನಮ್ಮನವರ ಕಣ್ಣ ಮುಂದೆ ಇದ್ದದ್ದು ಓದು, ಸಂಗೀತ, ಸ್ವಂತ ಆಸ್ತಿ ಇದ್ದ ಹೆಂಗಸರು. ಇಡೀ ಕುಲಕ್ಕೆ ಸೂಳೆಯರು ಎಂಬ ಮುದ್ರೆ ಒತ್ತಬೇಡಿ, ನಮ್ಮ ಕಲೆಯನ್ನು ಕೊಂಡುಹೋಗಿ ನಮ್ಮನ್ನು ಬೀದಿಗೆ ಬಿಡಬೇಡಿ ಅನ್ನುವುದು ಅವರ ಆತಂಕ. ಆ ಆತಂಕ ಪೊಳ್ಳಾಗಿರಲಿಲ್ಲ. ಹಾಡು, ಕುಣಿತ ಎರಡೂ ಸಭಾಗೃಹಗಳಿಗೆ ಹೋದವು, ಅದನ್ನು ಉಳಿಸಿಕೊಂಡು ಬಂದ ಮನೆಗಳ ಹೆಣ್ಣುಮಕ್ಕಳಲ್ಲಿ ಬಹಳ ಜನ ಹೊರಗೇ ಉಳಿದರು.

ಮದ್ರಾಸ್ ಪ್ರಾಂತ್ಯದ ಕಾನೂನು 1947ರಲ್ಲಿ ಬಂತು. 1949ರಲ್ಲಿ ನಾಗರತ್ನಮ್ಮ ಉಯಿಲು ಬರೆಸಿದರು. ಆಸ್ತಿಯನ್ನು ಸಮಾಧಿಯ ಸೇವೆಗೆ ಬಿಟ್ಟು, ಅದಕ್ಕೊಂದು ಷರತ್ತು ಹಾಕಿದರು: ಹೆಂಗಸರಿಗೆ, ದೇವದಾಸಿ ಮನೆತನದವರೂ ಸೇರಿದ ಹಾಗೆ, ಅಲ್ಲಿ ಸೇವೆ ಸಲ್ಲಿಸುವ ಹಕ್ಕು ಇರಬೇಕು.